ಕಾರಿನೊಳಗೆ ಎಷ್ಟು ಬೆಳಕು ಬೇಕು?

ಶೋರೂಮಿನಲ್ಲಿ ಕಾರು ನೋಡುವಾಗ ಯಾರೂ ಅದರ ಒಳದೀಪ ಹಾಕಿ ಪರೀಕ್ಷಿಸುವುದಿಲ್ಲ. ಸುತ್ತ ಅಷ್ಟೊಂದು ಬೆಳಕಿರುವಾಗ ಚಾವಣಿಯ ಪುಟ್ಟ ಬಲ್ಬು ಉರಿದರೂ ಒಂದೇ, ಉರಿಯದಿದ್ದರೂ ಒಂದೇ. ಅದರ ಯೋಗ್ಯತೆ ಗೊತ್ತಾಗುವುದು ಕಾರು ಮನೆಗೆ ಬಂದ ಮೇಲೆ, ಯಾವುದೋ ರಾತ್ರಿ ಊರಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಹಿಂದಿನ ಸೀಟಿನಡಿಗೆ ಜಾರಿದ ಮಾತ್ರೆಯ ಪಟ್ಟಿ ಹುಡುಕುವಾಗ. ಚಾವಣಿಯಿಂದ ಇಳಿಯುವ ಮಬ್ಬು ಹಳದಿ ಬೆಳಕು ಸೀಟಿನ ಅಂಚಿನವರೆಗೆ ಬಂದು ನಿಂತುಬಿಡುತ್ತದೆ. ಕಪ್ಪು ಮ್ಯಾಟು, ಕಪ್ಪು ಪ್ಲಾಸ್ಟಿಕ್ಕು, ಕಪ್ಪು ಸೀಟ್ ಕವರ್ ಸೇರಿ ಉಳಿದದ್ದನ್ನೂ ನುಂಗುತ್ತವೆ. ಕೊನೆಗೆ ಮೊಬೈಲ್ ಟಾರ್ಚೇ ಗತಿ.

ಈ ತಾಪತ್ರಯದಿಂದಲೇ ಹೆಚ್ಚಿನವರು ಎಲ್‌ಇಡಿ ಬಲ್ಬಿನ ಕಡೆ ತಿರುಗುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಆಕ್ಸೆಸರಿ ಅಂಗಡಿಗಳಿಂದ ಹಿಡಿದು ತಾಲ್ಲೂಕು ಕೇಂದ್ರದ ಆಟೊ ಎಲೆಕ್ಟ್ರಿಷಿಯನ್‌ವರೆಗೆ ಎಲ್ಲರ ಬಳಿಯೂ ಇದು ಸಿಗುತ್ತದೆ. ಐವತ್ತು ರೂಪಾಯಿಗೂ ಉಂಟು, ಐನೂರಕ್ಕೂ ಉಂಟು. ಹಾಕುವ ಕೆಲಸ ಕೆಲವೇ ನಿಮಿಷಗಳದ್ದು. ಕಾರಿಗೆ ನಾವೇ ಮಾಡಿಕೊಳ್ಳಬಹುದಾದ ಬದಲಾವಣೆಗಳಲ್ಲಿ ಇಷ್ಟು ಅಗ್ಗದ, ಇಷ್ಟು ಉಪಯೋಗದ ಇನ್ನೊಂದನ್ನು ನಾನು ಕಂಡಿಲ್ಲ. ಆದರೆ ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಲ್ಲಕ್ಕಿಂತ ಜಾಸ್ತಿ ಬೆಳಕು ಯಾವುದರದ್ದು?’ ಎಂದು. ತೊಂದರೆ ಶುರುವಾಗುವುದು ಅಲ್ಲಿಂದ.

ಮಾರುವವರು ಸಾಮಾನ್ಯವಾಗಿ ಕೊಡುವ ಎರಡು ಕಾರಣಗಳನ್ನು ಮೊದಲು ಲೆಕ್ಕಕ್ಕೆ ಹಚ್ಚೋಣ: ಕರೆಂಟು ಉಳಿಯುತ್ತದೆ, ಬಲ್ಬು ಬಹಳ ಕಾಲ ಬಾಳುತ್ತದೆ. ಒಳದೀಪ ದಿನಕ್ಕೆ ಹತ್ತು ನಿಮಿಷ ಉರಿಯಿತು ಎಂದುಕೊಂಡರೆ ವರ್ಷಕ್ಕೆ ಸುಮಾರು 60 ಗಂಟೆ. 5 ವ್ಯಾಟಿನ ಹಳೇ ಬಲ್ಬು ತೆಗೆದು 1 ವ್ಯಾಟಿನ ಎಲ್‌ಇಡಿ ಹಾಕಿದರೆ ವರ್ಷವಿಡೀ ಉಳಿಯುವುದು ಕಾಲು ಯೂನಿಟ್ ವಿದ್ಯುತ್. ಪೆಟ್ರೋಲ್ ಖರ್ಚಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಬಾಳಿಕೆಯ ಮಾತೂ ಹೀಗೆಯೇ. ಡಬ್ಬಿಯ ಮೇಲೆ 50,000 ಗಂಟೆ ಎಂದು ಅಚ್ಚಾಗಿದ್ದರೆ ನಮ್ಮ ಬಳಕೆಯಲ್ಲಿ ಅದು ಎಂಟುನೂರು ವರ್ಷಕ್ಕೂ ಮಿಗಿಲು. ಕೆಲವು ನೂರು ಗಂಟೆ ಬಾಳುವ ಹಳೇ ಬಲ್ಬೇ ಇಷ್ಟು ಕಡಿಮೆ ಬಳಕೆಯಲ್ಲಿ ಹಲವು ವರ್ಷ ಬರುತ್ತದೆ. ಬೇಸಿಗೆಯ ಬಿಸಿಲಲ್ಲಿ ನಿಂತ ಕಾರಿನ ಚಾವಣಿಯ ಕಾವು, ರಸ್ತೆಯ ಕುಲುಕಾಟ, ಅಗ್ಗದ ಬೆಸುಗೆ ಇವೇ ಎಲ್‌ಇಡಿ ಬಲ್ಬನ್ನು ಅದರ ಗಂಟೆ ಮುಗಿಯುವ ಎಷ್ಟೋ ಮೊದಲು ಕೆಡಿಸುತ್ತವೆ. ಈ ಎರಡು ಕಾರಣಗಳಿಗಾಗಿ ದುಡ್ಡು ಕೊಡಬೇಕಾಗಿಲ್ಲ.

ಉಳಿತಾಯ ನಿಜವಾಗಿ ಕೈಗೆ ಸಿಗುವುದು ಮರೆತ ರಾತ್ರಿಗಳಲ್ಲಿ. ನಮ್ಮ ಸಣ್ಣ ಪೆಟ್ರೋಲ್ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್ ಆಸುಪಾಸಿನದು. 5 ವ್ಯಾಟಿನ ಬಲ್ಬು ಗಂಟೆಗೆ ಅದರಲ್ಲಿ 0.42ರಷ್ಟನ್ನು ಹೀರುತ್ತದೆ. ಶುಕ್ರವಾರ ರಾತ್ರಿ ಡಿಕ್ಕಿಯ ಬಾಗಿಲು ಸರಿಯಾಗಿ ಮುಚ್ಚದೆ ಬಿಟ್ಟು ಸೋಮವಾರ ಬೆಳಿಗ್ಗೆ ಬಂದರೆ ಅರವತ್ತು ಗಂಟೆಗೆ 25 ಆಂಪಿಯರ್-ಅವರ್ ಖಾಲಿ. ಮೂರು ವರ್ಷ ಹಳೆಯ ಬ್ಯಾಟರಿಯಾದರೆ ಸೆಲ್ಫ್ ತಿರುಗುವುದು ಅನುಮಾನ. 1 ವ್ಯಾಟಿನ ಎಲ್‌ಇಡಿ ಇದ್ದರೆ ಅಷ್ಟೇ ಹೊತ್ತಿಗೆ ಹೋಗುವುದು ಐದೇ ಆಂಪಿಯರ್-ಅವರ್. ಗಾಡಿ ಎಂದಿನಂತೆ ಸ್ಟಾರ್ಟ್ ಆಗುತ್ತದೆ. ಹೊಸ ಕಾರುಗಳಲ್ಲಿ ಸ್ವಲ್ಪ ಹೊತ್ತಿನ ನಂತರ ಒಳದೀಪವನ್ನು ತಾನೇ ಆರಿಸುವ ವ್ಯವಸ್ಥೆ ಇರುವುದುಂಟು. ಹತ್ತು ಹದಿನೈದು ವರ್ಷ ಹಳೆಯ ಗಾಡಿ ಇಟ್ಟುಕೊಂಡವರಿಗೆ ಈ ಲೆಕ್ಕ ತುಂಬ ಮುಖ್ಯ.

ಇನ್ನೊಂದು ಕಾರಣ ಶಾಖದ್ದು. ಹಳೇ ಬಲ್ಬಿನ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿ ಕಾದಾಗ ಹೊಳೆಯುತ್ತದೆ. ಕೊಟ್ಟ ವಿದ್ಯುತ್ತಿನಲ್ಲಿ ಹತ್ತರ ಒಂಬತ್ತು ಪಾಲಿಗೂ ಹೆಚ್ಚು ಬಿಸಿಯಾಗಿ ಹೋಗುತ್ತದೆ. ಬೆಳಕು ಅದು ದಾರಿಯಲ್ಲಿ ಚೆಲ್ಲಿದ್ದು ಮಾತ್ರ. ಅದು ದೀಪಕ್ಕಿಂತ ಇಸ್ತ್ರಿಪೆಟ್ಟಿಗೆಗೆ ಹತ್ತಿರದ ನೆಂಟ. 5 ವ್ಯಾಟಿನ ಬಲ್ಬು ಕೊಡುವುದು 45ರಿಂದ 50 ಲ್ಯೂಮೆನ್. ಮನೆಯಲ್ಲಿ ಉರಿಸುವ 9 ವ್ಯಾಟಿನ ಎಲ್‌ಇಡಿ ಸುಮಾರು 900 ಲ್ಯೂಮೆನ್ ಕೊಡುತ್ತದೆ ಎಂದರೆ ಕಾರಿನ ಚಾವಣಿಯ ಬಡತನ ಅರ್ಥವಾದೀತು. ಹಾಗಾದರೆ ಹಳೇ ನಮೂನೆಯ 10 ವ್ಯಾಟಿನ ಬಲ್ಬನ್ನೇ ಹಾಕಬಹುದಲ್ಲ? ಐದಕ್ಕೆಂದು ಮಾಡಿದ ಹೋಲ್ಡರಿಗೆ ಹತ್ತನ್ನು ಸಿಕ್ಕಿಸಿದರೆ ಕಾವು ತಾಳದೆ ಮುಚ್ಚಳದ ಪ್ಲಾಸ್ಟಿಕ್ ಕಂದುತ್ತದೆ, ಸೊಟ್ಟಗಾಗುತ್ತದೆ. ಹಳೇ ಟ್ಯಾಕ್ಸಿಗಳ ಚಾವಣಿ ದೀಪದ ನಡುವೆ ಕಾಣುವ ಕಂದು ಕಲೆ ಅಂಥದ್ದು. ಎಲ್‌ಇಡಿ ಈ ಗಂಟನ್ನು ಬಿಡಿಸಿತು. ಒಂದು ವ್ಯಾಟಿಗೆ ಎಂಬತ್ತರಿಂದ ನೂರು ಲ್ಯೂಮೆನ್ ಕೊಡುವುದು ಇಂದಿನ ಎಲ್‌ಇಡಿಗೆ ಕಷ್ಟವಲ್ಲ. ಅಂದರೆ ಕಾವು ಐದನೇ ಒಂದಕ್ಕೆ ಇಳಿದು, ಬೆಳಕು ಎರಡರಷ್ಟಾಗುತ್ತದೆ.

ಈ ಬೆಳಕಿನ ಹಿಂದೆ ದೊಡ್ಡ ದುಡಿಮೆಯಿದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿ ತೋರಿಸಿದ್ದರು. ನೀಲಿ ಮಾತ್ರ ದಶಕಗಳ ಕಾಲ ಯಾರ ಕೈಗೂ ಸರಿಯಾಗಿ ಸಿಗಲಿಲ್ಲ. ನೀಲಿ ಇಲ್ಲದೆ ಬಿಳಿ ಇಲ್ಲ. ಜಪಾನಿನ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಅಲ್ಲಿಂದ ಅಮೆರಿಕಕ್ಕೆ ಹೋದ ಶುಜಿ ನಕಾಮುರಾ ಗ್ಯಾಲಿಯಂ ನೈಟ್ರೈಡ್ ಹರಳುಗಳನ್ನು ಹಟ ಹಿಡಿದು ಪಳಗಿಸಿದರು. 1990ರ ದಶಕದ ಮೊದಲ ವರ್ಷಗಳಲ್ಲಿ ಪ್ರಖರ ನೀಲಿ ಎಲ್‌ಇಡಿ ಮಾರುಕಟ್ಟೆಗೆ ಬಂತು. 2014ರ ಭೌತವಿಜ್ಞಾನದ ನೊಬೆಲ್ ಈ ಮೂವರಿಗೆ ಸಂದಿತು. ಅದೇ ವರ್ಷ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಚಾವಣಿಯ ಹಳದಿ ಬೆಳಕಿನಲ್ಲಿ ಒಂದು ತಲೆಮಾರನ್ನು ಹೊತ್ತು ತಿರುಗಿದ ಕಾರು ಅದು.

ಬಿಳಿ ಎಲ್‌ಇಡಿ ಎಂದು ನಾವು ಕರೆಯುವುದರ ಒಳಗೆ ಇರುವುದು ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಫಾಸ್ಫರ್ ಲೇಪನ. ನೀಲಿಯ ಒಂದು ಪಾಲು ಲೇಪನದಲ್ಲಿ ಹಳದಿಯಾಗಿ ಮಾರ್ಪಟ್ಟು, ಉಳಿದ ನೀಲಿಯೊಂದಿಗೆ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಲೇಪನ ತೆಳುವಾಗಿದ್ದಷ್ಟೂ ನೀಲಿಯ ಕೈ ಮೇಲು. ಬೆಳಕಿನ ಬಣ್ಣದ ಅಳತೆಯಲ್ಲಿ 6,000 ಕೆಲ್ವಿನ್ ಎಂದು ಮಾರುವ ‘ಕೂಲ್ ವೈಟ್’ ಬಲ್ಬುಗಳು ಅಂಥವು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅವು ಎಲ್ಲಕ್ಕಿಂತ ಪ್ರಖರವಾಗಿ ಹೊಳೆಯುವುದರಿಂದ ಕೈ ಅವುಗಳ ಕಡೆಗೇ ಹೋಗುತ್ತದೆ. ಕಾರಿನಲ್ಲಿ ಹಾಕಿ ಕುಳಿತು ನೋಡಿ: ಮುಖಗಳು ಬೂದಿ ಬಳಿದಂತೆ ಕಾಣುತ್ತವೆ, ಹಣೆಯ ಕುಂಕುಮ ಕಂದು ತಿರುಗುತ್ತದೆ, ಬೀಜ್ ಬಣ್ಣದ ಸೀಟು ಸುಣ್ಣದ ಗೋಡೆಯ ಹಾಗಾಗುತ್ತದೆ. ಅಗ್ಗದ ಫಾಸ್ಫರ್‌ನಲ್ಲಿ ಕೆಂಪಿನ ಅಂಶ ಕಡಿಮೆ ಇರುವುದೇ ಇದಕ್ಕೆ ಕಾರಣ. ಹಳೇ ಬಲ್ಬಿನ ಬೆಳಕು 2,700 ಕೆಲ್ವಿನ್ ಆಸುಪಾಸು. 3,000ದಿಂದ 4,000 ಕೆಲ್ವಿನ್ ನಡುವಿನ ಎಲ್‌ಇಡಿ ಆರಿಸಿಕೊಂಡರೆ ಬಣ್ಣಗಳು ಬಣ್ಣಗಳಾಗಿಯೇ ಇರುತ್ತವೆ. ಇಂಥವನ್ನು ಅಂಗಡಿಯಲ್ಲಿ ಕೇಳಿ ತೆಗೆಸಬೇಕಾಗುತ್ತದೆ, ಮುಂದಿನ ಸಾಲಿನಲ್ಲಿ ಇಟ್ಟಿರುವುದಿಲ್ಲ. ಮಲೆನಾಡಿನವರಿಗೆ ಇನ್ನೊಂದು ಲಾಭವೂ ಇದೆ. ಕೀಟಗಳ ಕಣ್ಣನ್ನು ಹೆಚ್ಚು ಸೆಳೆಯುವುದು ನೀಲಿ ಮತ್ತು ನೇರಳಾತೀತ ಬೆಳಕು. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಏಳುವ ಹೊತ್ತಿಗೆ ಬಾಗಿಲು ತೆರೆದರೆ ಬೆಚ್ಚನೆಯ ಬೆಳಕಿನ ಕಾರಿಗೆ ಅವು ನುಗ್ಗುವುದು ಕಡಿಮೆ.

ಈಗ ಎಷ್ಟು ಬೆಳಕು ಎಂಬ ಪ್ರಶ್ನೆಗೆ ಬರೋಣ. ಕತ್ತಲಲ್ಲಿ ಕಾರು ಓಡಿಸುವವರ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಶಂಕುಕೋಶಗಳು ಹಗಲಿನವು, ಬಣ್ಣ ಗುರುತಿಸುವವು. ಸಲಾಕೆ ಕೋಶಗಳು ಇರುಳಿನವು. ಇವುಗಳಲ್ಲಿರುವ ರೊಡಾಪ್ಸಿನ್ ಎಂಬ ವಸ್ತು ಬೆಳಕು ಬಿದ್ದೊಡನೆ ಬಣ್ಣಗೆಡುತ್ತದೆ. ಮತ್ತೆ ಕತ್ತಲಾದಾಗ ನಿಧಾನವಾಗಿ ಮರುಹುಟ್ಟುತ್ತದೆ. ಪೂರ್ತಿ ಚೇತರಿಸಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಸಲಾಕೆ ಕೋಶಗಳು ಹೆಚ್ಚು ಸ್ಪಂದಿಸುವುದು ನೀಲಿ-ಹಸಿರಿನ ಬೆಳಕಿಗೆ, ಕೆಂಪಿಗೆ ತೀರ ಕಡಿಮೆ. ನಕ್ಷತ್ರ ನೋಡುವ ಹವ್ಯಾಸಿಗಳು ಕೆಂಪು ಟಾರ್ಚ್ ಹಿಡಿಯುವುದು ಇದೇ ಕಾರಣಕ್ಕೆ. ಹೆಡ್‌ಲೈಟ್ ಹಾಕಿ ಓಡಿಸುವವರ ಕಣ್ಣು ಪೂರ್ತಿ ಕತ್ತಲಿಗೆ ಎಂದೂ ಹೊಂದಿಕೊಂಡಿರುವುದಿಲ್ಲ, ನಿಜ. ಆದರೂ ಹೆಡ್‌ಲೈಟಿನ ಅಂಚಿನಾಚೆ ರಸ್ತೆ ಬದಿಯಲ್ಲಿ ನಡೆದು ಹೋಗುವವರನ್ನು, ಹಿಂದೀಪವಿಲ್ಲದೆ ನಿಂತ ಕಬ್ಬಿನ ಟ್ರಾಕ್ಟರನ್ನು ಮೊದಲು ಗುರುತಿಸುವುದು ಈ ಹೊಂದಿಕೊಂಡ ನೋಟವೇ. ಹಿಂದೆ ಕುಳಿತವರು ಚಿಪ್ಸ್ ಪೊಟ್ಟಣ ಹುಡುಕಲೆಂದು ಹಾಕಿದ ಹತ್ತು ಸೆಕೆಂಡಿನ ನೀಲಿ-ಬಿಳಿ ಬೆಳಕು ಅದನ್ನು ಹಾಳುಮಾಡುತ್ತದೆ.

ಗಾಜಿನ ತೊಂದರೆ ಬೇರೆ. ಗಾಜಿನ ಪ್ರತಿ ಮೇಲ್ಮೈ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನ ಸುಮಾರು ಶೇ 4ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಎರಡು ಮೇಲ್ಮೈ ಸೇರಿ ಶೇ 8. ಓರೆಯಾಗಿ ಬಿದ್ದಾಗ ಇನ್ನೂ ಹೆಚ್ಚು, ಮತ್ತು ಇಂದಿನ ಕಾರುಗಳ ವಿಂಡ್‌ಶೀಲ್ಡ್ ತುಂಬ ಓರೆ. ಹೊರಗೆ ಕತ್ತಲಿದ್ದು ಒಳಗೆ ಬೆಳಕಿದ್ದರೆ ಆ ಶೇ 8ರ ಪ್ರತಿಬಿಂಬವೇ ರಸ್ತೆಯಿಂದ ಬರುವ ಬೆಳಕಿಗಿಂತ ಜೋರಾಗಿ, ಎದುರಿನ ಗಾಜಿನಲ್ಲಿ ಡ್ಯಾಶ್‌ಬೋರ್ಡ್ ಮತ್ತು ನಮ್ಮದೇ ಮುಖ ಕಾಣುತ್ತದೆ. ಮಳೆಯ ರಾತ್ರಿ ಶಿರಾಡಿ ಘಾಟಿಯಲ್ಲಿ ಇದು ಸಣ್ಣ ವಿಷಯವಲ್ಲ.

ಹಾಗಾಗಿ ನನ್ನ ಮಟ್ಟಿಗೆ ಲೆಕ್ಕ ಸ್ಪಷ್ಟ. ಕಾರಿನ ಒಳದೀಪ ನಿಂತ ಕಾರಿಗೆ. ಹತ್ತುವಾಗ, ಇಳಿಯುವಾಗ, ಹುಡುಕುವಾಗ ಬೇಕಾದಷ್ಟಿದ್ದರೆ ಸಾಕು. ಚಾವಣಿಗೆ ಒಂದು ವ್ಯಾಟಿನ ಆಸುಪಾಸಿನ, 80ರಿಂದ 100 ಲ್ಯೂಮೆನ್‌ನ ಬೆಚ್ಚನೆಯ ಬಿಳಿ. ಮುಂದಿನ ಮ್ಯಾಪ್ ಲೈಟ್‌ಗೆ ಅದಕ್ಕಿಂತ ಕಡಿಮೆ. ಇದಕ್ಕೆ ಮೀರಿದ್ದು ಬೇಡ. ಇಷ್ಟಾದರೂ ಬೇಕೇ ಬೇಕು ಎನ್ನುವುದಕ್ಕೆ ವಯಸ್ಸಿನ ಕಾರಣವಿದೆ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಪಾಪೆ ಕುಗ್ಗಿರುತ್ತದೆ, ಮಸೂರ ಹಳದಿಗಟ್ಟಿರುತ್ತದೆ. ಮಗನಿಗೆ ‘ಸಾಕಷ್ಟಿದೆ’ ಅನಿಸುವ 45 ಲ್ಯೂಮೆನ್‌ನಲ್ಲಿ ತಾಯಿಗೆ ಸೀಟ್ ಬೆಲ್ಟಿನ ಕೊಕ್ಕೆ ಕಾಣುವುದಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಈ ಬಲ್ಬು ಬದಲಿಸುವುದನ್ನು ಮುಂದೆ ಹಾಕಬೇಡಿ.

ಇನ್ನು ಕೊಳ್ಳುವ, ಹಾಕುವ ಮಾತು. ಕಾರಿನ ಒಳಗೆ ಮುಖ್ಯವಾಗಿ ಎರಡು ನಮೂನೆಯ ಬಲ್ಬುಗಳು. ಎರಡೂ ತುದಿಗೆ ಲೋಹದ ಟೋಪಿಯಿರುವ ಉದ್ದನೆಯದು ಫೆಸ್ಟೂನ್; ಚಾವಣಿಯ ನಡುವೆ, ಡಿಕ್ಕಿಯಲ್ಲಿ ಇರುವುದು ಹೆಚ್ಚಾಗಿ ಇದು. ಬುಡ ಚಪ್ಪಟೆಯಾಗಿ ಹೋಲ್ಡರಿಗೆ ಸಿಕ್ಕಿಕೊಳ್ಳುವ ಗಾಜಿನ ಬಲ್ಬು ಟಿ10. ಮ್ಯಾಪ್ ಲೈಟ್, ಬಾಗಿಲಿನ ದೀಪಗಳಲ್ಲಿ ಸಿಗುತ್ತದೆ. ಫೆಸ್ಟೂನ್ 31, 36, 39, 41 ಮಿಲಿಮೀಟರ್ ಹೀಗೆ ಹಲವು ಅಳತೆಗಳಲ್ಲಿ ಬರುವುದರಿಂದ ಹಳೆಯದನ್ನು ತೆಗೆದು ತುದಿಯಿಂದ ತುದಿಗೆ ಅಳೆದುಕೊಂಡೇ ಅಂಗಡಿಗೆ ಹೋಗಬೇಕು. ಎರಡು ಮಿಲಿಮೀಟರ್ ಗಿಡ್ಡವಾದರೂ ಪ್ರತಿ ಹಂಪ್‌ನಲ್ಲಿ ಮಿಣುಕುತ್ತದೆ. ಉದ್ದವಾದರೆ ಹೋಲ್ಡರಿನ ತಗಡು ಬಾಗುತ್ತದೆ. ಅಗಲವನ್ನೂ ನೋಡಿ, ಎಲ್‌ಇಡಿ ಹಲಗೆ ದಪ್ಪಗಿದ್ದರೆ ಮುಚ್ಚಳ ಕೂರುವುದಿಲ್ಲ. ಕೆಲವು ಹೊಸ ಮಾದರಿಗಳಲ್ಲಿ ಎಲ್‌ಇಡಿ ಕಂಪನಿಯಿಂದಲೇ ದೀಪದ ಹಲಗೆಗೆ ಬೆಸೆದು ಬಂದಿರುತ್ತದೆ. ಅಲ್ಲಿ ಬದಲಿಸಲು ಬಲ್ಬೇ ಇಲ್ಲ.

ಬಿಚ್ಚುವ ಮೊದಲು ಒಳದೀಪದ ಫ್ಯೂಸ್ ಕೀಳಬೇಕು. ಬಹಳಷ್ಟು ಕಾರುಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಬಲ್ಬಿನ ಒಂದು ತುದಿಗೆ ಬ್ಯಾಟರಿಯ ಪಾಸಿಟಿವ್ ಸದಾ ಬಂದು ನಿಂತಿರುತ್ತದೆ. ಬಾಗಿಲು ತೆರೆದಾಗ ಡೋರ್ ಸ್ವಿಚ್ ಇನ್ನೊಂದು ತುದಿಯನ್ನು ಕಾರಿನ ಬಾಡಿಗೆ ಅರ್ಥ್ ಮಾಡಿ ದೀಪ ಹತ್ತಿಸುತ್ತದೆ. ದೀಪ ಆರಿದೆ, ಕರೆಂಟಿಲ್ಲ ಎಂದುಕೊಂಡು ಸ್ಕ್ರೂಡ್ರೈವರ್ ತೂರಿಸಿದರೆ ಪಾಸಿಟಿವ್ ತುದಿ ಕಾರಿನ ಬಾಡಿಗೆ ತಗುಲಿ ಫ್ಯೂಸ್ ಹಾರಬಹುದು. ಎಷ್ಟೋ ಕಾರುಗಳಲ್ಲಿ ಅದೇ ಫ್ಯೂಸ್ ಸ್ಟೀರಿಯೊದ ಮೆಮೊರಿಗೂ ಗಡಿಯಾರಕ್ಕೂ ಕರೆಂಟು ಕೊಡುವುದರಿಂದ ಅವೂ ಒಟ್ಟಿಗೆ ಆರುತ್ತವೆ. ಮುಚ್ಚಳ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ ಸಾಕು. ಹಳೇ ಬಲ್ಬು ಉರಿಯುತ್ತಿದ್ದರೆ ಆರಲು ಬಿಟ್ಟು ಮುಟ್ಟಿ, ಬೆರಳು ಸುಡುವಷ್ಟು ಕಾದಿರುತ್ತದೆ.

ಹೊಸದನ್ನು ಹಾಕಿದಾಗ ಉರಿಯಲಿಲ್ಲ ಎಂದು ವಾಪಸ್ ಕೊಡಲು ಓಡುವವರಿದ್ದಾರೆ. ತಂತಿಯ ಬಲ್ಬಿಗೆ ಪ್ಲಸ್ ಮೈನಸ್ ಭೇದವಿಲ್ಲ. ಎಲ್‌ಇಡಿಯಲ್ಲಿ ವಿದ್ಯುತ್ ಹರಿಯುವುದು ಒಂದೇ ದಿಕ್ಕಿಗೆ. ತಿರುಗಿಸಿ ಹಾಕಿ ನೋಡಿ. ಹಾಗೆಯೇ ತಂತಿಯ ಬಲ್ಬು ಸುತ್ತಲೂ ಬೆಳಕು ಚೆಲ್ಲಿದರೆ ಎಲ್‌ಇಡಿ ಮುಖವಿದ್ದ ಕಡೆಗೆ ಮಾತ್ರ ಚೆಲ್ಲುತ್ತದೆ. ಹಳದಿ ಚುಕ್ಕೆಗಳ ಮುಖ ಕೆಳಕ್ಕಿರಬೇಕು.

ಅಗ್ಗದ ಮತ್ತು ಒಳ್ಳೆಯ ಬಲ್ಬಿನ ನಿಜವಾದ ವ್ಯತ್ಯಾಸ ಒಳಗಿನ ಸರ್ಕಿಟ್‌ನಲ್ಲಿದೆ. ಒಂದು ಬಿಳಿ ಎಲ್‌ಇಡಿಗೆ ಬೇಕಾದ್ದು ಸುಮಾರು 3 ವೋಲ್ಟ್. ಮೂರನ್ನು ಸಾಲಾಗಿ ಜೋಡಿಸಿ 9 ವೋಲ್ಟ್ ಮಾಡಿ, ಉಳಿದದ್ದನ್ನು ಒಂದು ರೆಸಿಸ್ಟರ್‌ಗೆ ಕೊಡುವುದು ಸರಳ ವಿಧಾನ. 12 ವೋಲ್ಟ್ ಎನ್ನುತ್ತೇವಾದರೂ ಇಂಜಿನ್ ಓಡುವಾಗ ಆಲ್ಟರ್ನೇಟರ್ 14 ವೋಲ್ಟ್ ದಾಟಿಸುತ್ತದೆ. ಆಗ ರೆಸಿಸ್ಟರಿನ ಪಾಲಿಗೆ ಬರುವುದು 3 ವೋಲ್ಟ್ ಅಲ್ಲ, ಹೆಚ್ಚುಕಡಿಮೆ 5. ಎಲ್‌ಇಡಿಯಲ್ಲಿ ಹರಿಯುವ ಕರೆಂಟು ಅದೇ ಪ್ರಮಾಣದಲ್ಲಿ, ಅಂದರೆ ಒಂದೂವರೆ ಪಟ್ಟಿಗೂ ಮೀರಿ ಏರುತ್ತದೆ. ಕೆಲವೇ ತಿಂಗಳಲ್ಲಿ ಒಂದೊಂದೇ ಚುಕ್ಕೆ ಸತ್ತು ಸಾಲು ಹಲ್ಲುದುರಿದಂತಾಗುವುದು ಹೀಗೆ. ಕರೆಂಟನ್ನು ಸ್ಥಿರವಾಗಿಡುವ ಡ್ರೈವರ್ ಇರುವ ಬಲ್ಬು ತುಸು ದುಬಾರಿ, ಆದರೆ ಖರ್ಚು ಮಾಡಬೇಕಾದ್ದು ಅಲ್ಲಿಯೇ. ಪುಟ್ಟ ಟಿ10 ಬಲ್ಬಿನ ಮೇಲೆ ‘20 ವ್ಯಾಟ್’ ಎಂದು ಬರೆದಿದ್ದರೆ ನಂಬಬೇಡಿ. ಅಷ್ಟು ವಿದ್ಯುತ್ ನಿಜವಾಗಿ ಹರಿದರೆ ಅದು ತನ್ನ ಕಾವಿಗೆ ತಾನೇ ಬೇಯುತ್ತದೆ. ಹಾಕಿದ ಮೇಲೆ ಸಿಗ್ನಲ್ ಕ್ಷೀಣವಾಗಿರುವ ಎಫ್‌ಎಂ ಸ್ಟೇಷನ್ ಹಚ್ಚಿ ಒಳದೀಪ ಹಾಕಿ ನೋಡಿ. ಗೊರಗೊರ ಸದ್ದು ಶುರುವಾದರೆ ಡ್ರೈವರ್ ಕಳಪೆ ಎಂದು ಅರ್ಥ.

ದೀಪ ಆರಿಸಿದ ಮೇಲೂ ಎಲ್‌ಇಡಿ ಮಂಕಾಗಿ ಹೊಳೆಯುತ್ತಿದ್ದರೆ ಗಾಬರಿ ಬೇಡ. ಕಾರಿನ ನಿಯಂತ್ರಣ ಸರ್ಕಿಟ್‌ನಿಂದ ಜಿನುಗುವ ಅತ್ಯಲ್ಪ ಕರೆಂಟು ತಂತಿಯನ್ನು ಕಾಯಿಸಲು ಸಾಲುತ್ತಿರಲಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕಾಗುತ್ತದೆ. ರೆಸಿಸ್ಟರ್ ಜೋಡಿಸಿಕೊಂಡೇ ಬರುವ ‘ಕ್ಯಾನ್‌ಬಸ್’ ಹೆಸರಿನ ಬಲ್ಬು ಹಾಕಿದರೆ ಸಾಮಾನ್ಯವಾಗಿ ಇದು ನಿಲ್ಲುತ್ತದೆ. ಅದು ತುಸು ಹೆಚ್ಚು ಬಿಸಿಯಾಗುತ್ತದೆ ಅಷ್ಟೆ.

ಕಾನೂನಿನ ಭಯ ಇಲ್ಲಿ ಅನಗತ್ಯ. ವಾಹನದ ಮುಂದೆ ಕೆಂಪು, ಹಿಂದೆ ಕೆಂಪಲ್ಲದ ಬೆಳಕು ತೋರಬಾರದೆನ್ನುವ ಕೇಂದ್ರ ಮೋಟಾರು ವಾಹನ ನಿಯಮ 108 ಒಳದೀಪವನ್ನು ಹೊರಗಿಟ್ಟಿದೆ. ಹೆಡ್‌ಲೈಟಿಗೆ ಅಂಗಡಿಯ ಎಲ್‌ಇಡಿ ತುರುಕುವುದು ಪೂರಾ ಬೇರೆ ಸಂಗತಿ, ಅದು ಎದುರು ಬರುವವರ ಕಣ್ಣು ಕುಕ್ಕುತ್ತದೆ. 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಅಂಥ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆಯನ್ನೇ ನಡೆಸಿದರು.

ನನಗೆ ನಿಜವಾದ ಆತಂಕವಿರುವುದು ಬಣ್ಣಬಣ್ಣದ ‘ಆಂಬಿಯೆಂಟ್’ ಎಲ್‌ಇಡಿ ಪಟ್ಟಿಗಳ ಬಗ್ಗೆ. ಬಲ್ಬು ಬದಲಿಸುವಾಗ ತಂತಿ ಕತ್ತರಿಸಬೇಕಾಗಿಲ್ಲ. ಹಳೆಯದನ್ನು ಇಟ್ಟುಕೊಂಡಿದ್ದರೆ ಯಾವಾಗ ಬೇಕಾದರೂ ಹಿಂದಿನಂತೆ ಮಾಡಬಹುದು, ವಾರಂಟಿಯ ತಕರಾರೂ ಬರುವುದಿಲ್ಲ. ಪಟ್ಟಿ ಅಂಟಿಸುವವರು ವೈರಿಂಗ್ ಚುಚ್ಚುತ್ತಾರೆ, ಫ್ಯೂಸ್ ಇಲ್ಲದೆ ಎಲ್ಲಿಂದಲೋ ಕರೆಂಟು ಎಳೆಯುತ್ತಾರೆ, ತಂತಿಯನ್ನು ವಿಂಡ್‌ಶೀಲ್ಡಿನ ಪಕ್ಕದ ಕಂಬದ ಪ್ಲಾಸ್ಟಿಕ್ಕಿನೊಳಗೆ ತೂರಿಸುತ್ತಾರೆ. ಕರ್ಟನ್ ಏರ್‌ಬ್ಯಾಗ್ ಮಡಿಸಿಟ್ಟಿರುವುದು ಅದೇ ಕಂಬದಿಂದ ಚಾವಣಿಯ ಅಂಚಿನುದ್ದಕ್ಕೂ. ಅಪಘಾತವಾದಾಗ ಸೆಕೆಂಡಿನ ಸಣ್ಣ ಚೂರಿನಲ್ಲಿ ಅದು ಬಿಚ್ಚಿಕೊಳ್ಳಬೇಕು. ಅಡ್ಡ ಬಂದ ತಂತಿ ಅದರ ದಾರಿ ತಪ್ಪಿಸಬಹುದು. ಆ ಜಾಗದಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬಾರದು. ಪಟ್ಟಿ ಬೇಕೇ ಬೇಕೆನ್ನುವವರು ಕಾಲಿನ ಬಳಿ, ಡ್ಯಾಶ್‌ಬೋರ್ಡಿನಡಿ, ಫ್ಯೂಸ್ ಮೂಲಕ, ಮಂದ ಕೆಂಪು ಅಥವಾ ಕಿತ್ತಳೆ ಬಣ್ಣದಲ್ಲಿ ಹಾಕಿಸಿಕೊಳ್ಳಲಿ.

ಒಂದೇ ಬಲ್ಬು ಬದಲಿಸುವುದಾದರೆ ಡಿಕ್ಕಿಯದನ್ನು ಬದಲಿಸಿ. ಅಲ್ಲಿ ಚಾಲಕರ ಕಣ್ಣಿನ, ಗಾಜಿನ ಪ್ರತಿಬಿಂಬದ ಯಾವ ಚಿಂತೆಯೂ ಇಲ್ಲದ್ದರಿಂದ ಧಾರಾಳವಾಗಿ ಎರಡು ವ್ಯಾಟಿನದ್ದನ್ನೇ ಹಾಕಬಹುದು. ಅದರ ದೀಪ ಸಾಮಾನ್ಯವಾಗಿ ಒಂದು ಪಕ್ಕದ ಗೋಡೆಯಲ್ಲಿರುತ್ತದೆ, ಲಗೇಜು ತುಂಬಿದರೆ ಅರ್ಧ ಮುಚ್ಚಿಹೋಗುತ್ತದೆ. ಸ್ಟೆಪ್ನಿ, ಜಾಕಿ, ಪಾನಾ ಎಲ್ಲವೂ ಮ್ಯಾಟಿನಡಿ. ನಂತರ ಬಾಗಿಲಿನ ಕೆಳಭಾಗದ ದೀಪ, ನಿಮ್ಮ ಕಾರಿನಲ್ಲಿ ಅದು ಇದ್ದರೆ. ತೋಟದ ಮನೆಯ ಅಂಗಳದಲ್ಲಿ ಕಾಲಿಡುವ ಮೊದಲು ನೆಲದಲ್ಲಿರುವುದು ನೀರೋ, ಕಲ್ಲೋ, ಹಾವೋ ಎಂದು ಅದು ತೋರಿಸುತ್ತದೆ. ಚಾವಣಿಯ ಸರದಿ ಇವೆರಡರ ಬಳಿಕ.